ಓಡುವ ಜಿಂಕೆಗೆ ಎಂಥ ಕ್ಯಾಮೆರಾ?

(ಡಿಜಿಟಲ್ ಕ್ಯಾಮೆರಾದ ಆಯ್ಕೆಯನ್ನು ಕುರಿತ ಉಪನ್ಯಾಸದ ಬರಹರೂಪ)



ಬೀದರ ನಗರದಿಂದ ಪೂರ್ವಕ್ಕೆ ಮೂರು ಕಿಲೋಮೀಟರಿನಷ್ಟು ಸಾಗಿದರೆ ಅಷ್ಟೂರ ಗ್ರಾಮ. ಬಹಮನಿ ಅರಸರ ಗೋರಿಗಳು ಸಾಲಾಗಿ ನಿಂತಿರುವ ಊರು ಅದು. 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹನ ಸಮಾಧಿಗೆ ಮುಸ್ಲಿಮರು ವಲಿಯೆಂದೂ ಲಿಂಗಾಯತ ಭಕ್ತರು ಅಲ್ಲಮಪ್ರಭುವೆಂದೂ ನಡೆದುಕೊಳ್ಳುತ್ತಾರೆ. ಅದೇ ಸಾಲಿನಲ್ಲಿ, ಸಿಡಿಲು ಬಡಿದು ಸೀಳಿತೆಂದು ಜನ ಹೇಳುವ ಹುಮಾಯೂನ್ ಶಾಹನ ಅರೆಗುಮ್ಮಟ. ಗುಮ್ಮಟಗಳ ಮೇಲೆ ಪಾರಿವಾಳ, ಸುತ್ತ ಹೊಲ, ಮೇಲೆ ಅಡ್ಡಿಯಿಲ್ಲದ ಆಕಾಶ.

ಮಲೆನಾಡಿನ ಓದುಗರಿಗೆ ಇದು ದೂರದ ಊರು. ಆದರೂ ವೇಗವಾಗಿ ಚಲಿಸುವುದನ್ನು ಹಿಡಿಯಬಲ್ಲ ಕ್ಯಾಮೆರಾ ಯಾವುದೆಂಬ ಪ್ರಶ್ನೆಯನ್ನು ಇಲ್ಲಿಂದ ಎತ್ತಿಕೊಳ್ಳಲು ಕಾರಣವಿದೆ. ದಟ್ಟ ಕಾಡಿನಲ್ಲಿ ಚಿತ್ರ ಕೆಟ್ಟರೆ ಮರವನ್ನೋ ಬಳ್ಳಿಯನ್ನೋ ನೆರಳನ್ನೋ ದೂರಬಹುದು. ಬಯಲಿನಲ್ಲಿ ಆ ಸೌಕರ್ಯವಿಲ್ಲ. ಪ್ರಾಣಿ ಕಣ್ಣೆದುರೇ ಓಡುತ್ತದೆ, ಬೆಳಕು ಧಾರಾಳವಾಗಿದೆ. ಹಾಗಿದ್ದೂ ಚಿತ್ರ ಸಿಗದಿದ್ದರೆ ತಪ್ಪು ಯಂತ್ರದ್ದು ಅಥವಾ ಅದನ್ನು ಹಿಡಿದ ಕೈಯದು. ಯಂತ್ರದ ತಪ್ಪು ಎಷ್ಟು, ಕೈಯ ತಪ್ಪು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡಲು ಬೀದರ ಸೀಮೆಯಂಥ ಜಾಗ ಇನ್ನೊಂದಿಲ್ಲ.

ಈ ವಿವೇಚನೆ ಬೇಕಾಗಿರುವುದು ಹಣದ ಕಾರಣಕ್ಕೆ. ಬೆಟ್ಟದ ಊರಿನ ಒಂದು ಯುವಕ ಸಂಘವೋ ಕಾಲೇಜಿನ ನಿಸರ್ಗ ಬಳಗವೋ ಮನೆಮನೆಯಿಂದ ಚಂದಾ ಎತ್ತಿ ಕ್ಯಾಮೆರಾ ಕೊಳ್ಳುವಾಗ, ಅದು ಒಂದೇ ಬಾರಿ ಮಾಡಲು ಸಾಧ್ಯವಾಗುವ ಖರ್ಚು. ತಪ್ಪಾದರೆ ಇನ್ನು ಹತ್ತು ವರ್ಷ ಆ ತಪ್ಪಿನೊಡನೆಯೇ ಬದುಕಬೇಕು. ಇನ್ನೊಂದು ಕಾರಣವೂ ಇದೆ. ಇಂಥ ಸಂಘಗಳಿಗೆ ಚಿತ್ರವು ಗೋಡೆಯ ಅಲಂಕಾರವಲ್ಲ, ದಾಖಲೆ. ಬೀದರ ಜಿಲ್ಲೆಯ ಔರಾದ, ಭಾಲ್ಕಿ ಕಡೆಗಳಲ್ಲಿ ತೊಗರಿ, ಕಡಲೆ, ಜೋಳದ ಹೊಲಗಳ ಅಂಚಿಗೆ, ಗಾಯರಾಣದ ಹುಲ್ಲಿಗೆ ಕೃಷ್ಣಮೃಗಗಳು ಬರುತ್ತವೆ. ಜನ ಅವನ್ನು ಜಿಂಕೆ ಎಂದೇ ಕರೆಯುತ್ತಾರೆ. ಅವು ನಿಂತ ಹುಲ್ಲುಗಾವಲು ಮಾತ್ರ ಕಾಗದದಲ್ಲಿ ಬಹಳ ಕಡೆ ಬೀಳುಭೂಮಿ. ಕೇಂದ್ರ ಸರ್ಕಾರ 2000ದಲ್ಲಿ ಮೊದಲ ಬಾರಿಗೆ ಹೊರತಂದ ಬಂಜರು ಭೂಮಿಯ ಅಟ್ಲಾಸಿನಲ್ಲಿ ತೆರೆದ ಕುರುಚಲು ಪ್ರದೇಶವೂ ಬಂಜರೆಂಬ ಪಟ್ಟಿಗೆ ಸೇರಿದೆ. ಬಂಜರೆಂದು ಬರೆದ ಮೇಲೆ ಅದನ್ನು ಯಾವುದಕ್ಕೆ ಬೇಕಾದರೂ ಕೊಡಬಹುದು. ಅಲ್ಲಿ ಮೃಗವಿದೆ, ಇಷ್ಟನೆಯ ತಾರೀಖು ಇತ್ತು, ಗಂಡು, ಹೆಣ್ಣು, ಮರಿ ಮೂರೂ ಇದ್ದವು ಎಂದು ತೋರಿಸಬಲ್ಲದ್ದು ಸ್ಪಷ್ಟವಾದ ಒಂದು ಚಿತ್ರ. ಹೊಲ ಕಳೆದುಕೊಂಡ ರೈತನ ದೂರಿಗೂ ಅಂಥದೇ ಚಿತ್ರ ಬೇಕು. ಎರಡೂ ಕಡೆ ಮಸುಕು ಚಿತ್ರಕ್ಕೆ ಬೆಲೆಯಿಲ್ಲ.

ಮೊದಲು ವೇಗವನ್ನೇ ಅಳೆದು ನೋಡುವುದು ಒಳ್ಳೆಯದು. ಗಾಬರಿಗೊಂಡ ಕೃಷ್ಣಮೃಗ ಗಂಟೆಗೆ 80 ಕಿಲೋಮೀಟರಿನವರೆಗೂ ಓಡಬಲ್ಲದೆಂದು ಹೇಳುತ್ತಾರೆ. ಲೆಕ್ಕಕ್ಕೆ 60 ಎಂದಿಟ್ಟುಕೊಂಡರೂ ಅದು ಸೆಕೆಂಡಿಗೆ ಹೆಚ್ಚುಕಡಿಮೆ 16.7 ಮೀಟರ್ ಕ್ರಮಿಸುತ್ತದೆ. ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ 1.67 ಮೀಟರ್, ಅದರ ಮೈಯ ಉದ್ದಕ್ಕಿಂತ ಹೆಚ್ಚು. 2000ದ ದಶಕದ ಆರಂಭದಲ್ಲಿ ಪೇಟೆಗೆ ಬಂದ ಕಿಸೆಯ ಡಿಜಿಟಲ್ ಕ್ಯಾಮೆರಾಗಳಲ್ಲಿ ಗುಂಡಿ ಒತ್ತಿದ ಮೇಲೆ ಫೋಕಸ್ ಹುಡುಕಿ ಚಿತ್ರ ಬೀಳಲು ಅರ್ಧ ಸೆಕೆಂಡೋ ಅದಕ್ಕೂ ಹೆಚ್ಚೋ ಹಿಡಿಯುತ್ತಿತ್ತು. ಅಷ್ಟರಲ್ಲಿ ಜಿಂಕೆ ಎಂಟು ಮೀಟರ್ ಮುಂದೆ. ಹುಲ್ಲಿನ ಚಿತ್ರ ಮಾತ್ರ ಉಳಿಯುತ್ತಿತ್ತು. ಡಿಜಿಟಲ್ ಕ್ಯಾಮೆರಾ ವನ್ಯಜೀವಿ ಚಿತ್ರಣಕ್ಕೆ ಒದಗದು ಎಂಬ ಮಾತು ಆ ದಿನಗಳಲ್ಲಿ ಹುಟ್ಟಿದ್ದು ಇದರಿಂದಲೇ.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಮೆಗಾಪಿಕ್ಸೆಲ್. ಕೊಳ್ಳುವವರು ಕೇಳುವುದೂ ಅದನ್ನೇ. ಓಡುವ ಪ್ರಾಣಿಯ ಮಟ್ಟಿಗೆ ಅದು ಕೊನೆಗೆ ನೋಡಬೇಕಾದ ಸಂಖ್ಯೆ. 400 ಮಿಲಿಮೀಟರಿನ ಲೆನ್ಸನ್ನು ಎಪಿಎಸ್-ಸಿ ಎನ್ನುವ ಮಧ್ಯಮ ಗಾತ್ರದ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿ 80 ಮೀಟರ್ ದೂರದ ಜಿಂಕೆಯನ್ನು ನೋಡಿದರೆ ಚೌಕಟ್ಟಿನೊಳಗೆ ಬರುವುದು ಸುಮಾರು ನಾಲ್ಕೂವರೆ ಮೀಟರ್ ಅಗಲದ ಜಾಗ. 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಬಿಂದು. ಒಂದೊಂದು ಬಿಂದುವಿಗೂ ಮುಕ್ಕಾಲು ಮಿಲಿಮೀಟರಿನಷ್ಟು ಮೈ ದಕ್ಕುತ್ತದೆ. ಕೊಂಬಿನ ಉಂಗುರ ಎಣಿಸಲು ಇಷ್ಟು ಬೇಕಾದಷ್ಟಾಯಿತು. ಆದರೆ ಕ್ಯಾಮೆರಾವನ್ನು ಅಲುಗಿಸದೆ ಹಿಡಿದು, ಷಟರ್ ವೇಗವನ್ನು ಸೆಕೆಂಡಿನ 1000ದ ಒಂದು ಭಾಗಕ್ಕೆ ಇಟ್ಟರೂ, ಅಷ್ಟರೊಳಗೆ ಜಿಂಕೆ 1.7 ಸೆಂಟಿಮೀಟರ್ ಸರಿದಿರುತ್ತದೆ. ಅಂದರೆ ಇಪ್ಪತ್ತಕ್ಕೂ ಹೆಚ್ಚು ಬಿಂದುಗಳ ಮೇಲೆ ಅದರ ಗೆರೆ ಬಳಿದಂತಾಗುತ್ತದೆ. ಆ ಮಸುಕನ್ನು 45 ಮೆಗಾಪಿಕ್ಸೆಲಿನಲ್ಲಿ ತೆಗೆದರೆ ಸಿಗುವುದು ಇನ್ನೂ ದೊಡ್ಡ ಮಸುಕು, ಅಷ್ಟೇ.

ಇದಕ್ಕೆ ಪರಿಹಾರ ಕೈಯಲ್ಲಿದೆ. ಪ್ರಾಣಿ ಓಡುವ ವೇಗಕ್ಕೆ ಸರಿಯಾಗಿ ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸುತ್ತ ಕ್ಯಾಮೆರಾವನ್ನು ಅದರೊಡನೆ ಒಯ್ಯಬೇಕು. ಪ್ಯಾನಿಂಗ್ ಎಂದು ಇದಕ್ಕೆ ಹೆಸರು. ಆಗ ಮೈ, ಕತ್ತು, ಕಣ್ಣು ನಿಂತಂತೆ ಮೂಡುತ್ತವೆ. ಕಾಲುಗಳು ನಿಲ್ಲುವುದಿಲ್ಲ. ನೆಲಕ್ಕೆ ಊರಿದ ಗೊರಸು ಆ ಕ್ಷಣಕ್ಕೆ ನಿಶ್ಚಲ, ಎತ್ತಿ ಮುಂದೆ ಬೀಸುವ ಗೊರಸು ಮೈಗಿಂತ ಎಷ್ಟೋ ವೇಗ. ಗೊರಸೂ ಸ್ಪಷ್ಟವಾಗಿ ಬೇಕೆಂದರೆ ಷಟರ್ ವೇಗ 2000ದ ಒಂದು ಭಾಗಕ್ಕೆ ಏರಬೇಕು. ಗೊರಸು ಮಸುಕಾದರೆ ದಾಖಲೆಗೆ ಕುಂದಿಲ್ಲ. ಮುಖ, ಕೊಂಬು, ಮೈಬಣ್ಣ ಸ್ಪಷ್ಟವಾಗಿದ್ದರೆ ಸಾಕು. ಓಟದ ಕಾಲನ್ನು ಕಣ್ಣು ಕಾಣಲಾರದೆಂಬುದು ಹಳೆಯ ಸಂಗತಿ. 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಓಡುವ ಕುದುರೆಯನ್ನು ಹಿಡಿದಾಗ, ನಾಲ್ಕೂ ಕಾಲು ನೆಲ ಬಿಡುವುದು ಅವು ಮುಂದಕ್ಕೂ ಹಿಂದಕ್ಕೂ ಚಾಚಿದಾಗಲ್ಲ, ಹೊಟ್ಟೆಯಡಿ ಕೂಡಿಬಂದಾಗ ಎಂದು ತಿಳಿಯಿತು. ಅದುವರೆಗೆ ಚಿತ್ರಕಾರರು ಕಾಲು ಚಾಚಿದ ಕುದುರೆಗಳನ್ನೇ ಬರೆಯುತ್ತಿದ್ದರು.

ಹಾಗಾದರೆ ನೋಡಬೇಕಾದದ್ದು ಯಾವುದನ್ನು? ಎಲ್ಲಕ್ಕಿಂತ ಮೊದಲು ಆಟೋಫೋಕಸನ್ನು. ದೂರ ಬದಲಾಗುತ್ತಲೇ ಇರುವ ವಸ್ತುವನ್ನು ಬಿಡದೆ ಹಿಂಬಾಲಿಸುವ ಗುಣ ಕ್ಯಾಮೆರಾಕ್ಕೆ ಇರಬೇಕು. ಅಗ್ಗದ ಕ್ಯಾಮೆರಾಗಳು ಲೆನ್ಸನ್ನು ಹಿಂದೆ ಮುಂದೆ ಸರಿಸಿ, ಚಿತ್ರ ಯಾವಾಗ ಚೊಕ್ಕವಾಯಿತೆಂದು ತಡವರಿಸಿ ಹುಡುಕುತ್ತವೆ. ಕತ್ತಲೆಯಲ್ಲಿ ಬೆಂಕಿಪೆಟ್ಟಿಗೆ ಹುಡುಕಿದ ಹಾಗೆ. ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಇದಕ್ಕೆಂದೇ ಬೇರೆ ಸೆನ್ಸರ್ ಇರುತ್ತದೆ, ಅದು ಯಾವ ಕಡೆಗೆ ಎಷ್ಟು ಸರಿಯಬೇಕೆಂಬುದನ್ನು ಒಂದೇ ನೋಟದಲ್ಲಿ ಹೇಳುತ್ತದೆ. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳು ಅದೇ ಕೆಲಸವನ್ನು ಮುಖ್ಯ ಸೆನ್ಸರಿನ ಮೇಲೆಯೇ ಮಾಡುತ್ತವೆ, ಜೊತೆಗೆ ಪ್ರಾಣಿಯ ಕಣ್ಣನ್ನು ತಾವೇ ಗುರುತಿಸುತ್ತವೆ. ಈ ಗುರುತಿಸುವಿಕೆಯನ್ನು ಮೊದಮೊದಲು ನಾಯಿ, ಬೆಕ್ಕು, ಹಕ್ಕಿಗಳ ಚಿತ್ರ ತೋರಿಸಿ ಕಲಿಸಲಾಯಿತು. ಜಿಂಕೆಯ ಮುಖವನ್ನೂ ಬಹಳ ಬಾರಿ ಹಿಡಿಯುತ್ತದೆ, ಅಡ್ಡ ಬಂದ ಹುಲ್ಲಿನ ತೆನೆಗೆ ಮೋಸಹೋಗುವುದೂ ಉಂಟು.

ಅಷ್ಟೂರಿನ ಅರೆಗುಮ್ಮಟದಿಂದ ಎದ್ದ ಪಾರಿವಾಳದ ಹಿಂಡೇ ಇದಕ್ಕೆ ಒಳ್ಳೆಯ ಪರೀಕ್ಷೆ. ಹಕ್ಕಿ ಚಿಕ್ಕದು, ದಾರಿ ಅನಿಶ್ಚಿತ, ಹಿಂದೆ ಕಲ್ಲಿನ ಗೋಡೆ. ದುರ್ಬಲವಾದ ಆಟೋಫೋಕಸ್ ಗೋಡೆಯನ್ನು ಹಿಡಿದು ಕೂರುತ್ತದೆ, ಹಕ್ಕಿ ಬೂದುಬಣ್ಣದ ಚುಕ್ಕೆಯಾಗುತ್ತದೆ. ಹಕ್ಕಿ ಗುಮ್ಮಟದ ಅಂಚು ದಾಟಿ ಆಕಾಶಕ್ಕೆ ಬಂದೊಡನೆ ಅದೇ ಕ್ಯಾಮೆರಾ ಸರಿಯಾಗಿ ಕೆಲಸ ಮಾಡುತ್ತದೆ. ಬೀದರಿನಲ್ಲಿ 1996ರಲ್ಲಿ ಹುಟ್ಟಿದ ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳನ್ನು ನೆನೆದರೆ ಇದು ಇನ್ನೂ ಸ್ಪಷ್ಟ. 2011ರಲ್ಲಿ ನಿಂತುಹೋದ ಆ ತಂಡ ಕೆಲವು ವರ್ಷಗಳ ಮೇಲೆ ಹಾಕ್ ವಿಮಾನಗಳೊಡನೆ ಮತ್ತೆ ಕೂಡಿತು. ವಿಮಾನ ಜಿಂಕೆಗಿಂತ ಹತ್ತು ಪಟ್ಟು ವೇಗ, ಆದರೂ ಅದನ್ನು ಹಿಡಿಯುವುದು ಪಾರಿವಾಳಕ್ಕಿಂತ ಸುಲಭ. ದೂರದಲ್ಲಿ ದೊಡ್ಡದಾಗಿ, ಖಾಲಿ ಆಕಾಶದಲ್ಲಿ, ಊಹಿಸಬಲ್ಲ ದಾರಿಯಲ್ಲಿ ಅದು ಬರುತ್ತದೆ. ಕಷ್ಟವನ್ನು ತೀರ್ಮಾನಿಸುವುದು ಬರಿಯ ವೇಗವಲ್ಲ. ಹಿನ್ನೆಲೆ, ಗಾತ್ರ, ತಿರುವು ಇವು ಮೂರೂ ಅದರ ಜೊತೆಗಿವೆ. ಅಂದಹಾಗೆ, ವಿಮಾನ ಪ್ರದರ್ಶನವಿದ್ದಾಗ ಸಾರ್ವಜನಿಕರಿಗೆ ಬಿಟ್ಟ ಜಾಗದಿಂದ ಚಿತ್ರ ತೆಗೆಯಬಹುದೇ ಹೊರತು ವಾಯುನೆಲೆಯ ಸುತ್ತ ಕ್ಯಾಮೆರಾ ಎತ್ತುವಂತಿಲ್ಲ. ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ಎರಡನೆಯದು, ಒಂದೇ ಒತ್ತಿಗೆ ಸಾಲಾಗಿ ಎಷ್ಟು ಚಿತ್ರ ಬೀಳುತ್ತವೆ, ಎಷ್ಟು ಹೊತ್ತು ಬೀಳುತ್ತವೆ ಎಂಬುದು. ಸೆಕೆಂಡಿಗೆ ಹತ್ತು ಚಿತ್ರವೆಂದರೆ ಜಿಂಕೆಯ ಓಟದಲ್ಲಿ ಒಂದೂಮುಕ್ಕಾಲು ಮೀಟರಿಗೆ ಒಂದು ಚಿತ್ರ. ಇದು ಸಾಕು. ಎಷ್ಟು ಹೊತ್ತು ಎಂಬುದನ್ನು ಮಾತ್ರ ಅಂಗಡಿಯವರು ಹೇಳುವುದಿಲ್ಲ. ತೆಗೆದ ಚಿತ್ರಗಳು ಕಾರ್ಡಿಗೆ ಇಳಿಯುವ ಮುನ್ನ ಬಫರ್ ಎಂಬ ತಾತ್ಕಾಲಿಕ ಕಣಜದಲ್ಲಿ ಕೂಡುತ್ತವೆ. ಕಣಜ ತುಂಬಿದರೆ ಕ್ಯಾಮೆರಾ ಏದುಸಿರು ಬಿಡುತ್ತದೆ. 2013ರ ನಿಕಾನ್ ಡಿ7100 ಆಟೋಫೋಕಸಿನಲ್ಲಿ ಉತ್ತಮ ಕ್ಯಾಮೆರಾ, ಆದರೆ ರಾ ಕಡತದಲ್ಲಿ ಒಂದು ಸೆಕೆಂಡಿಗೇ ಅದರ ಕಣಜ ತುಂಬುತ್ತಿತ್ತು. 2014ರ ಕ್ಯಾನನ್ 7ಡಿ ಮಾರ್ಕ್ 2 ಸೆಕೆಂಡಿಗೆ ಹತ್ತರಂತೆ ಮೂರು ಸೆಕೆಂಡು ಎಳೆಯುತ್ತದೆ. 2016ರ ನಿಕಾನ್ ಡಿ500, ತಕ್ಕ ಕಾರ್ಡಿದ್ದರೆ, ಅದೇ ವೇಗದಲ್ಲಿ 200 ಚಿತ್ರ ನಿಲ್ಲದೆ ತೆಗೆಯುತ್ತದೆ. ಕಾರ್ಡು ನಿಧಾನವಾದರೆ ಇದೆಲ್ಲ ವ್ಯರ್ಥ. ದೊಡ್ಡ ಕ್ಯಾಮೆರಾ ಕೊಂಡು ಕಾರ್ಡಿನಲ್ಲಿ ನೂರು ರೂಪಾಯಿ ಉಳಿಸುವುದು ಎತ್ತು ಕೊಂಡವರು ಹಗ್ಗಕ್ಕೆ ಲೆಕ್ಕ ಹಾಕಿದಂತೆ.

ಮಿರರ್‌ಲೆಸ್ ಕ್ಯಾಮೆರಾಗಳ ಜಾಹೀರಾತಿನಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರವೆಂಬ ಮಾತು ಕಾಣುತ್ತದೆ. ಇದರಲ್ಲೊಂದು ಸಿಕ್ಕಿದೆ. ಆ ವೇಗ ಬರುವುದು ಎಲೆಕ್ಟ್ರಾನಿಕ್ ಷಟರಿನಲ್ಲಿ. ಸಾಮಾನ್ಯ ಸೆನ್ಸರು ಚಿತ್ರವನ್ನು ಒಮ್ಮೆಲೇ ಓದುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತದೆ. ಓದಿ ಮುಗಿಸಲು ಸೆಕೆಂಡಿನ 30ರ ಒಂದು ಭಾಗ ಹಿಡಿಯಿತೆಂದರೆ ಅಷ್ಟರಲ್ಲಿ ಜಿಂಕೆ ಅರ್ಧ ಮೀಟರಿಗೂ ಹೆಚ್ಚು ಸರಿದಿರುತ್ತದೆ. ಕಿವಿ ಒಂದು ಕಡೆ, ಗೊರಸು ಇನ್ನೊಂದು ಕಡೆ, ಮೈ ವಾಲಿದಂತೆ. ಹಕ್ಕಿಯ ರೆಕ್ಕೆ ಬಾಗಿದ ಬಾಳೆಎಲೆಯಂತೆ ಮೂಡುತ್ತದೆ. 2017ರ ಸೋನಿ ಎ9, 2021ರ ನಿಕಾನ್ ಜೆಡ್9ರಂಥವು ಬಹುಬೇಗ ಓದಿ ಈ ದೋಷವನ್ನು ಬಹುಮಟ್ಟಿಗೆ ನೀಗಿವೆ; 2023ರ ಕೊನೆಯಲ್ಲಿ ಪ್ರಕಟವಾದ ಸೋನಿ ಎ9 ಮೂರನೆಯ ಮಾದರಿ ಎಲ್ಲ ಸಾಲುಗಳನ್ನೂ ಒಟ್ಟಿಗೇ ಓದುತ್ತದೆ. ಅವುಗಳ ಬೆಲೆ ಹಳ್ಳಿಯ ಸಂಘಕ್ಕೆ ಸಂಬಂಧಪಟ್ಟದ್ದಲ್ಲ. ಕೈಗೆಟಕುವ ದರದ ಮಿರರ್‌ಲೆಸ್ ಕೊಂಡರೆ ಓಡುವ ಪ್ರಾಣಿಗೆ ಯಾಂತ್ರಿಕ ಷಟರನ್ನೇ ಬಳಸುವುದು ಕ್ಷೇಮ. 2022ರ ಕ್ಯಾನನ್ ಆರ್10, ಆರ್7 ಎರಡೂ ಹಾಗೆ ಸೆಕೆಂಡಿಗೆ ಹದಿನೈದು ಚಿತ್ರ ತೆಗೆಯುತ್ತವೆ.

ಈ ಹೊಸ ಯಂತ್ರಗಳಲ್ಲಿ ನಿಜವಾಗಿ ಮೆಚ್ಚಬೇಕಾದ ಗುಣ ಬೇರೊಂದಿದೆ. ಗುಂಡಿಯನ್ನು ಪೂರ್ತಿ ಒತ್ತುವ ಮುನ್ನಿನ ಅರ್ಧ ಸೆಕೆಂಡಿನಷ್ಟು ಚಿತ್ರಗಳನ್ನೂ ಕೆಲವು ಕ್ಯಾಮೆರಾಗಳು ಹಿಡಿದಿಟ್ಟು ಕೊಡುತ್ತವೆ. ಕೂತ ಮಿಂಚುಳ್ಳಿ ಯಾವಾಗ ನೀರಿಗೆ ಧುಮುಕೀತೆಂದು ಮನುಷ್ಯನ ಬೆರಳು ಊಹಿಸಲಾರದು. ಧುಮುಕಿದ್ದು ಕಂಡ ಮೇಲೆ ಒತ್ತಿದರೂ ಧುಮುಕುವ ಮೊದಲಿನ ಚಿತ್ರ ಸಿಗುತ್ತದೆ. ಮಲೆನಾಡಿನ ಹೊಳೆದಂಡೆಯವರಿಗೆ ಇದು ಉಪಯೋಗದ ಮಾತು.

ಇನ್ನು ಲೆನ್ಸು ಮತ್ತು ಬೆಳಕು. ಬಯಲಿಗೂ ಮಲೆನಾಡಿಗೂ ದಾರಿ ಕವಲೊಡೆಯುವುದು ಇಲ್ಲೇ. ಒಳ್ಳೆಯ ಬಿಸಿಲಿನಲ್ಲಿ ಎಫ್ 5.6 ತೆರವಿನಲ್ಲಿ 2000ದ ಒಂದು ಭಾಗದ ಷಟರ್ ವೇಗಕ್ಕೆ ಐಎಸ್‌ಒ 250 ಇದ್ದರೆ ಸಾಕು. ಹೊತ್ತು ಹುಟ್ಟಿ ಸ್ವಲ್ಪವೇ ಆದಾಗ, ಬೆಳಕು ಎಂಟನೆಯ ಒಂದು ಭಾಗಕ್ಕೆ ಇಳಿದಿದ್ದರೆ, ಐಎಸ್‌ಒ 2000 ಬೇಕು. ಇದನ್ನೂ ಹತ್ತು ವರ್ಷ ಹಳೆಯ ಕ್ಯಾಮೆರಾ ನಿಭಾಯಿಸುತ್ತದೆ. ಅದೇ ಕ್ಯಾಮೆರಾ, ಅದೇ ಲೆನ್ಸನ್ನು ನಿತ್ಯಹರಿದ್ವರ್ಣ ಕಾಡಿನ ಒಳಗೆ ಒಯ್ದರೆ ಬೆಳಕು ಬಿಸಿಲಿನ ಅರವತ್ತನೆಯ ಒಂದು ಭಾಗಕ್ಕೆ ಇಳಿದಿರುವುದು ಸಾಮಾನ್ಯ. ಆಗ ಐಎಸ್‌ಒ 16000 ಆಗಬೇಕು, ಚಿತ್ರದಲ್ಲಿ ಮರಳು ಚೆಲ್ಲಿದಂತಾಗುತ್ತದೆ. ಬಯಲಿನ ಛಾಯಾಗ್ರಾಹಕರ ಸಲಹೆಯನ್ನು ಕೇಳಿ ಎಫ್ 8ರ ಹಗುರವಾದ ಜೂಮ್ ಕೊಂಡ ಮಲೆನಾಡಿಗ ಮೋಸಹೋಗುವುದು ಹೀಗೆ. ಸಲಹೆ ಸುಳ್ಳಲ್ಲ, ಅದು ಹುಟ್ಟಿದ ಬೆಳಕು ಬೇರೆ.

ಆದುದರಿಂದ ಕಾಡಿನವರು ಉದ್ದಕ್ಕಿಂತ ತೆರವನ್ನು ನೋಡಬೇಕು. ಎಫ್ 2.8 ತೆರವು ಎಫ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹಳೆಯ 70-200 ಎಫ್ 2.8 ಅಥವಾ 300 ಎಫ್ 4 ಲೆನ್ಸು ಬಳಸಿದ ಸಾಮಾನಿನ ಪೇಟೆಯಲ್ಲಿ ಸಿಕ್ಕರೆ, ಕೆಂದಳಿಲಿನ ನೆಗೆತಕ್ಕೂ ಮಂಗಟ್ಟೆಯ ಹಾರಾಟಕ್ಕೂ ಅದು 600 ಮಿಲಿಮೀಟರಿನ ಮಂದಬೆಳಕಿನ ಜೂಮಿಗಿಂತ ಮೇಲು. ಬಯಲಿನವರಿಗೆ 150-600 ಅಥವಾ ನಿಕಾನಿನ 200-500 ಎಫ್ 5.6 ಒಪ್ಪುತ್ತದೆ, ಕೊನೆಯದರ ತೂಕ ಎರಡು ಕಿಲೋ ಮೀರುತ್ತದೆ, ಮಧ್ಯಾಹ್ನದ ಹೊತ್ತಿಗೆ ತೋಳು ಅದನ್ನು ನೆನಪಿಸುತ್ತದೆ. ಹೆಚ್ಚು ಉದ್ದವೇ ಹೆಚ್ಚು ಒಳ್ಳೆಯದೆಂಬ ನಂಬಿಕೆಯನ್ನೂ ಅಳೆದು ನೋಡಬೇಕು. 80 ಮೀಟರ್ ದೂರದಲ್ಲಿ ಅಡ್ಡ ಓಡುವ ಜಿಂಕೆ 400ರ ಚೌಕಟ್ಟನ್ನು ಸೆಕೆಂಡಿನ ಕಾಲುಭಾಗದಲ್ಲಿ ದಾಟುತ್ತದೆ. 600ರ ಚೌಕಟ್ಟನ್ನು ಅದಕ್ಕೂ ಬೇಗ. ಅಭ್ಯಾಸವಿಲ್ಲದ ಕಣ್ಣಿಗೆ ಪ್ರಾಣಿ ಸಿಗುವುದೇ ಇಲ್ಲ. 2015ರ ನಿಕಾನ್ ಪಿ900ರಂಥ, 2000 ಮಿಲಿಮೀಟರಿಗೆ ಸಮನಾದ ಜೂಮಿರುವ ಕ್ಯಾಮೆರಾಗಳು ಕೂತ ಹದ್ದಿಗೆ ಅದ್ಭುತ, ಎದ್ದ ಹದ್ದಿಗೆ ನಿರುಪಯೋಗಿ. ಆ ಜಾತಿಯಲ್ಲಿ ಓಟಕ್ಕೆ ಒದಗುವುದು 2017ರ ಸೋನಿ ಆರ್‌ಎಕ್ಸ್10ರ ನಾಲ್ಕನೆಯ ಮಾದರಿ. ಅದರ ಬೆಲೆಗೆ ಬಳಸಿದ ಡಿಎಸ್‌ಎಲ್‌ಆರ್ ಲೆನ್ಸಿನೊಡನೆ ಬರುತ್ತದೆ.

ಬೆಲೆ ಎಷ್ಟೇ ಇರಲಿ, ಬೀದರದ ಬೇಸಗೆಯಲ್ಲಿ ಯಾವ ಲೆನ್ಸೂ ಗೆಲ್ಲದ ಶತ್ರುವೊಂದಿದೆ. ಬೆಳಗಿನ ಒಂಬತ್ತು, ಹತ್ತು ಗಂಟೆಯ ಮೇಲೆ ಕಾದ ನೆಲದಿಂದ ಬಿಸಿಗಾಳಿ ನಡುಗುತ್ತ ಏಳುತ್ತದೆ, ಬಿಸಿಲ್ಗುದುರೆ ಕುಣಿಯುತ್ತದೆ. ದೂರದ ಜಿಂಕೆಯ ಕಾಲು ನೀರಿನಲ್ಲಿ ಕಂಡಂತೆ ಕದಡುತ್ತದೆ. ಕ್ಯಾಮೆರಾ ಕೆಟ್ಟಿತೆಂದು ಅಂಗಡಿಗೆ ಓಡುವ ಮುನ್ನ ಅದೇ ಜಾಗದಲ್ಲಿ ಬೆಳಗಿನ ಆರೂವರೆಗೆ ಒಮ್ಮೆ ತೆಗೆದು ನೋಡಬೇಕು.

ಹತ್ತಿರ ಹೋದರೆ ಇದೆಲ್ಲ ತಪ್ಪುತ್ತದಲ್ಲವೇ ಎಂದು ಕೇಳಬಹುದು. ಚಿಕ್ಕ ಲೆನ್ಸು ಹಿಡಿದವರು ಜೀಪಿನಲ್ಲೋ ಮೋಟರ್ ಸೈಕಲ್ಲಿನಲ್ಲೋ ಹಿಂಡನ್ನು ಬೆನ್ನಟ್ಟುವುದು ಹೊಸದಲ್ಲ. ಓಡುವ ಚಿತ್ರ ಬೇಕು, ಆದುದರಿಂದ ಓಡಿಸುವುದು. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಆ ಕಾಯ್ದೆಯಲ್ಲಿ ಬೇಟೆ ಎಂಬ ಶಬ್ದಕ್ಕೆ ಕೊಟ್ಟ ಅರ್ಥದಲ್ಲಿ ಕೊಲ್ಲುವುದಷ್ಟೇ ಅಲ್ಲ, ಪ್ರಾಣಿಯನ್ನು ಅಟ್ಟುವುದೂ ಅದಕ್ಕೆ ಆಮಿಷ ಒಡ್ಡುವುದೂ ಸೇರಿವೆ, ಪ್ರಯತ್ನವೂ ಸೇರಿದೆ. ಕೈಯಲ್ಲಿ ಕೋವಿಯ ಬದಲು ಕ್ಯಾಮೆರಾ ಇತ್ತೆಂಬುದು ವಿನಾಯಿತಿಯಲ್ಲ. ಕಾಯ್ದೆಯನ್ನು ಬದಿಗಿಟ್ಟರೂ, ಬೇಸಗೆಯಲ್ಲಿ ಅಟ್ಟಿಸಿಕೊಂಡ ಜಿಂಕೆಜಾತಿಯ ಪ್ರಾಣಿಗಳು ಮೈ ಕಾದು, ಸ್ನಾಯು ಸೋತು, ತಪ್ಪಿಸಿಕೊಂಡ ಮೇಲೆಯೂ ಸಾಯುವುದುಂಟು. ಬೆನ್ನಟ್ಟಿದವನಿಗೆ ಆ ಸಾವು ಕಾಣುವುದಿಲ್ಲ. ಮೊದಲು ಲೆನ್ಸಿಗೆ ಹಣ, ಆಮೇಲೆ ಕ್ಯಾಮೆರಾಕ್ಕೆ ಎಂದು ಹೇಳುವುದರ ಹಿಂದೆ ಈ ವಿಚಾರವೂ ಇದೆ. ದೂರದಲ್ಲಿ ನಿಲ್ಲಬಲ್ಲವನು ಮಾತ್ರ ಪ್ರಾಣಿಯನ್ನು ಅದರ ಪಾಡಿಗೆ ಬಿಡಬಲ್ಲ.

ಅಟ್ಟದೆಯೂ ಓಟ ಸಿಗುತ್ತದೆ. ಬೆದೆಯ ಕಾಲದಲ್ಲಿ ಗಂಡುಗಳು ತಮ್ಮ ತಮ್ಮ ಜಾಗ ಹಿಡಿದು ಹಿಕ್ಕೆಯ ಗುಡ್ಡೆಗಳಿಂದ ಎಲ್ಲೆ ಗುರುತಿಸಿ ಕಾಯುತ್ತವೆ. ಎಲ್ಲೆ ದಾಟಿದ ಇನ್ನೊಂದು ಗಂಡನ್ನು ತಾವೇ ಅಟ್ಟುತ್ತವೆ. ಮುಂಜಾನೆ ಆ ಜಾಗ ತಿಳಿದು, ಗಾಳಿಗೆ ಎದುರಾಗಿ, ಹೊಲದ ಬದುವಿನ ಮರೆಯಲ್ಲಿ ಕೂತವರ ಎದುರಿಗೆ ಅರ್ಧ ತಾಸಿನಲ್ಲಿ ನಾಲ್ಕು ಓಟ ನಡೆದುಹೋಗಬಹುದು. ಹಿಂಡು ಶಂಕೆಗೊಂಡಾಗ ಒಂದು ಜಿಂಕೆ ನಿಂತಲ್ಲಿಂದಲೇ ಮೇಲಕ್ಕೆ ನೆಗೆಯುತ್ತದೆ, ಅದರ ಹಿಂದೆ ಉಳಿದವು. ಮೊದಲ ನೆಗೆತ ಕಂಡವನಿಗೆ ಎರಡನೆಯದಕ್ಕೆ ಸಿದ್ಧನಾಗಲು ಸಮಯವಿದೆ. ಸಂಡೂರಿನ ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಮೂವತ್ತಾರು ಚಿತ್ರಗಳ ಸುರುಳಿಯ ಕಾಲದಲ್ಲಿ ಕೈಯಿಂದ ಫೋಕಸ್ ತಿರುಗಿಸಿ ಚಿತ್ರ ತೆಗೆದರು. ಅವರ ಬಳಿ ಬಫರ್ ಇರಲಿಲ್ಲ, ಪ್ರಾಣಿಯ ಮುಂದಿನ ಹೆಜ್ಜೆ ಗೊತ್ತಿತ್ತು.

ಬಳಸಿದ ಕ್ಯಾಮೆರಾ ಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಮಿರರ್‌ಲೆಸ್ ಅಲೆಯಲ್ಲಿ ಅನೇಕರು ಒಳ್ಳೆಯ ಡಿಎಸ್‌ಎಲ್‌ಆರ್‌ಗಳನ್ನು ಮಾರುತ್ತಿದ್ದಾರೆ. ಡಿ500ರ ತಯಾರಿಕೆಯೂ 2022ರಲ್ಲಿ ನಿಂತಿತು. ಇಂಥ ಯಂತ್ರದ ಷಟರ್ ಈವರೆಗೆ ಎಷ್ಟು ಬಾರಿ ಬಿದ್ದಿದೆಯೆಂದು ಕೇಳಬೇಕು. ಡಿ500, 7ಡಿ ಮಾರ್ಕ್ 2 ಎರಡರ ಷಟರನ್ನೂ ಎರಡು ಲಕ್ಷ ಬಾರಿಗೆಂದು ಪರೀಕ್ಷಿಸಲಾಗಿದೆ; ಐವತ್ತು ಸಾವಿರ ದಾಟಿದ್ದರೆ ಅಂಜಬೇಕಿಲ್ಲ, ಒಂದೂಮುಕ್ಕಾಲು ಲಕ್ಷವಾದರೆ ಬೆಲೆ ಇಳಿಸಬೇಕು. ಲೆನ್ಸಿನ ಹಿಂದಿನಿಂದ ಮೊಬೈಲಿನ ಬೆಳಕು ಹಾಯಿಸಿ ಮುಂದಿನಿಂದ ನೋಡಬೇಕು. ಜೇಡನ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಅಂಥ ಲೆನ್ಸನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬಾರದು. ಮಲೆನಾಡಿನ ಮಳೆಗಾಲದಲ್ಲಿ ಹೊಸ ಲೆನ್ಸಿಗೂ ಇದೇ ಗತಿ ಬರುತ್ತದೆ. ಜೂನ್ ಬರುವ ಮುನ್ನ ಗಾಳಿಯಾಡದ ಮುಚ್ಚಳದ ಡಬ್ಬ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮಾಪಕ ಇಷ್ಟನ್ನು ಕೊಂಡಿಡಬೇಕು. ತೇವಾಂಶ ಶೇಕಡಾ 40ರಿಂದ 50ರ ನಡುವೆ ಇದ್ದರೆ ಸರಿ. ಅಕ್ಕಿಯ ಡಬ್ಬದಲ್ಲಿ ಹುದುಗಿಸಿಡುವ ರೂಢಿಯಿಂದ ಲೆನ್ಸಿನೊಳಗೆ ಅಕ್ಕಿಯ ಧೂಳು ಸೇರುವುದಷ್ಟೇ ಲಾಭ. ಬೀದರದ ಕಡೆ ಕಷ್ಟ ತಿರುಗುಮುರುಗು: ಅಲ್ಲಿನ ಧೂಳಿಗೆ ಬಯಲಿನಲ್ಲಿ ನಿಂತು ಲೆನ್ಸು ಬದಲಿಸಲೇಬಾರದು.

ಹೀಗಾಗಿ ಸಂಘವೊಂದು ಇಂದು ಕೊಳ್ಳುವುದಾದರೆ, ಬಯಲು ಮತ್ತು ಗುಡ್ಡದ ಹುಲ್ಲುಗಾವಲಿಗೆ ಬಳಸಿದ 7ಡಿ ಮಾರ್ಕ್ 2 ಅಥವಾ ಡಿ500, ಅದಕ್ಕೆ 400 ಮಿಲಿಮೀಟರ್ ಮುಟ್ಟುವ ಎಫ್ 5.6 ಲೆನ್ಸು, ದಟ್ಟ ಕಾಡಿಗೆ ಅದೇ ಕ್ಯಾಮೆರಾ, ಹೆಚ್ಚು ತೆರವಿನ ಚಿಕ್ಕ ಲೆನ್ಸು. ಹೊಸದೇ ಬೇಕೆನ್ನುವವರಿಗೆ ಹಗುರವಾದ ಮಿರರ್‌ಲೆಸ್. ರಾತ್ರಿಯ ಹಾರುಬೆಕ್ಕಿಗೆ ಇವು ಯಾವುವೂ ಅಲ್ಲ, ಅದರ ಕಣ್ಣಿಗೆ ಫ್ಲಾಷ್ ಹೊಡೆಯುವುದಂತೂ ಸಲ್ಲ. ಮೊಬೈಲನ್ನು ಹಗುರಾಗಿ ಕಾಣಬೇಕಿಲ್ಲ. ಗುಂಡಿ ಒತ್ತಿದ ಕ್ಷಣಕ್ಕೇ ಚಿತ್ರ ಕೊಡುವುದರಲ್ಲಿ ಅದು ಹಳೆಯ ಕಿಸೆಯ ಕ್ಯಾಮೆರಾಗಳನ್ನು ಮೀರಿಸಿದೆ, ಹೂವಿನ ಮೇಲಿನ ಜೇನಿಗೆ ಸಾಕು. 80 ಮೀಟರ್ ದೂರದ ಜಿಂಕೆಗೆ ಅದರ ಲೆನ್ಸು ಎಟಕುವುದಿಲ್ಲ.

ಕೊಂಡ ಮೇಲೆ ಮೊದಲ ತಿಂಗಳು ಕಾಡಿಗೂ ಬಯಲಿಗೂ ಹೋಗಬೇಕಿಲ್ಲ. ರಸ್ತೆಯಲ್ಲಿ ಹೋಗುವ ಸೈಕಲ್ಲು, ಆಮೇಲೆ ಬಸ್ಸು, ಜಾತ್ರೆಯ ಜಂಗಿ ಕುಸ್ತಿ, ದೇವಸ್ಥಾನದ ಅಥವಾ ದರ್ಗಾದ ಪಾರಿವಾಳ. ಫೋಕಸನ್ನು ನಿರಂತರ ಕ್ರಮಕ್ಕೆ ಇಟ್ಟು ದಿನಕ್ಕೆ ನೂರು ಚಿತ್ರ ತೆಗೆದು ತೊಂಬತ್ತನ್ನು ಅಳಿಸಬಹುದು. ಅಷ್ಟೂರಿನ ಗೋರಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಂಥಲ್ಲಿ ತ್ರಿಪಾದಿ ಊರಲು ಅನುಮತಿ ಬೇಕು, ಕೈಯಲ್ಲೇ ಹಿಡಿದು ಅಭ್ಯಾಸ ಮಾಡುವವರಿಗೆ ಆ ತೊಡಕಿಲ್ಲ.

ದಾಖಲೆಗೆಂದು ತೆಗೆದ ಚಿತ್ರದ ಮೂಲ ಕಡತವನ್ನು ತಿದ್ದದೆ, ಹೆಸರು ಸಹ ಬದಲಿಸದೆ, ಎರಡು ಕಡೆ ಉಳಿಸಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಡಿಜಿಟಲ್ ಕಡತವನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಅದರೊಡನೆ ಪ್ರಮಾಣಪತ್ರ ಬೇಕಾಗುತ್ತದೆ. ಕ್ಯಾಮೆರಾ ಯಾರದು, ಯಾರು ತೆಗೆದರು, ಕಡತ ಯಾವ ಯಂತ್ರದಲ್ಲಿತ್ತು ಎಂಬುದಕ್ಕೆ ಆಗ ಉತ್ತರ ಇರಬೇಕು. ಆದುದರಿಂದ ಸಂಘದ ಕ್ಯಾಮೆರಾಕ್ಕೆ ಒಂದು ನೋಟ್‌ಬುಕ್ ಕಟ್ಟಿ, ಯಾರು ಎಂದು ಒಯ್ದರು, ಎಂದು ತಂದರು ಎಂದು ಬರೆದಿಡುವುದು ಒಳ್ಳೆಯ ಪದ್ಧತಿ. ಬ್ಯಾಟರಿ ಪೂರ್ತಿ ಇಳಿದರೆ ಕೆಲವು ಹಳೆಯ ಕ್ಯಾಮೆರಾಗಳ ತಾರೀಖು ಹಿಂದಕ್ಕೆ ಹೋಗಿಬಿಡುತ್ತದೆ. ಪ್ರತಿ ಸಲ ಹೊರಡುವ ಮುನ್ನ ಕ್ಯಾಮೆರಾದ ಗಡಿಯಾರವನ್ನು ಮೊಬೈಲಿನ ಗಡಿಯಾರಕ್ಕೆ ಹೊಂದಿಸಿಕೊಳ್ಳಬೇಕು.